ಒಂದೇ ರೈಲು, ಒಂದೇ ಬರ್ತ್, ಬೆಲೆ ಮಾತ್ರ ಕೊಂಡ ಕಡೆಯ ಹಾಗೆ

ರೈಲು ಪ್ರಯಾಣ ದರ ಡಿಸೆಂಬರ್ 26ರಿಂದ ಹೆಚ್ಚಲಿದೆ ಎಂಬ ಸುದ್ದಿ 2025ರ ಡಿಸೆಂಬರ್ 21ರ ಭಾನುವಾರ ಹೊರಬಿದ್ದಾಗ, ಜನವರಿ ಕೊನೆಯ ಮದುವೆಯೊಂದಕ್ಕೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಡಬೇಕಿದ್ದ ನಮ್ಮ ಮನೆಯಲ್ಲಿ ಆ ಸಂಜೆಯೇ ಟಿಕೆಟ್ ತೆಗೆದುಬಿಡುವುದೆಂದು ತೀರ್ಮಾನವಾಯಿತು. ಊಟದ ಮೇಜಿನ ಮೇಲೆ ಮೂರು ಮೊಬೈಲುಗಳು ಬಂದು ಕೂತವು. ರೈಲು ಒಂದೇ, ದಿನ ಒಂದೇ, ಸ್ಲೀಪರ್ ದರ್ಜೆಯ ನಾಲ್ಕು ಬರ್ತ್. ಹಣ ಕೊಡುವ ಪುಟಕ್ಕೆ ಬರುವ ಹೊತ್ತಿಗೆ ಮೂರರಲ್ಲಿ ಮೂರು ಮೊತ್ತ ಕಾಣಿಸಿಕೊಂಡಿದ್ದವು. ಒಂದರಲ್ಲಂತೂ ಟಿಕೆಟ್ ರದ್ದುಮಾಡಿದರೆ ಪೂರ್ತಿ ಹಣ ವಾಪಸು ಕೊಡುತ್ತೇವೆಂಬ ಯಾವುದೋ ರಕ್ಷಣೆ, ನಾವು ಕೇಳದಿದ್ದರೂ, ಲೆಕ್ಕದಲ್ಲಿ ಸೇರಿಕೊಂಡಿತ್ತು. ಅತಿ ಕಡಿಮೆ ಮೊತ್ತಕ್ಕೂ ಅತಿ ಹೆಚ್ಚಿನದಕ್ಕೂ ನಡುವಿನ ಅಂತರ, ಶುಕ್ರವಾರ ಏರಲಿದ್ದ ದರಕ್ಕಿಂತ ದೊಡ್ಡದಾಗಿತ್ತು. "ದರ ಏರೂದು ಶುಕ್ರವಾರ ಅಂದ್ರಲ್ಲಾ, ಇವ್ರು ಇವತ್ತ ಏರಿಸಿ ಕುಂತಾರಲ್ಲ?" ಎಂದು ಅಕ್ಕ ಕೇಳಿದಳು.

ನಿಜಕ್ಕೂ ಅಂದು ಯಾರೂ ದರ ಏರಿಸಿರಲಿಲ್ಲ. ಮೂರೂ ಕಡೆ ರೈಲ್ವೆಯ ಪ್ರಯಾಣ ದರ ಒಂದೇ ಇತ್ತು, ಮತ್ತು ಒಂದೇ ಇರಲೇಬೇಕು. ಬೇರೆ ಬೇರೆಯಾಗಿದ್ದದ್ದು ನಾವು ಕೊಡಬೇಕಾಗಿದ್ದ ಹಣ. ದರ ಮತ್ತು ಕೊಡುವ ಹಣ ಇವೆರಡೂ ಒಂದೇ ಎಂದು ನಾವು ಭಾವಿಸಿರುವುದರಿಂದಲೇ ಪ್ರತಿ ದರ ಏರಿಕೆಯ ಮುನ್ನಾದಿನಗಳಲ್ಲಿ ಈ ಗೊಂದಲ ಮರುಕಳಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಿಲೋಮೀಟರಿಗೆ ಎಷ್ಟು ಪೈಸೆ ಹೆಚ್ಚಾಯಿತೆಂಬ ಚರ್ಚೆಯ ಗದ್ದಲದಲ್ಲಿ, ಅಷ್ಟೇ ತೂಕದ ಇನ್ನೊಂದು ಬಾಬ್ತು ಯಾರ ಗಮನಕ್ಕೂ ಬಾರದೆ ಉಳಿದುಬಿಡುತ್ತದೆ.

ಮೊದಲು ದರದ ಮಾತು. 1989ರ ರೈಲ್ವೆ ಕಾಯಿದೆಯ 30ನೇ ಸೆಕ್ಷನ್ ಪ್ರಯಾಣ ದರವನ್ನು ನಿಗದಿ ಮಾಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ದೂರ ಮತ್ತು ದರ್ಜೆಯ ಮೇಲೆ ಮೂಲ ದರ ನಿಗದಿಯಾಗುತ್ತದೆ, ಅದಕ್ಕೆ ಕಾಯ್ದಿರಿಸುವ ಶುಲ್ಕ ಸೇರುತ್ತದೆ, ಸ್ಲೀಪರಿಗಾದರೆ 20 ರೂಪಾಯಿ, ರೈಲು ಸೂಪರ್‌ಫಾಸ್ಟ್ ಆಗಿದ್ದರೆ ಸ್ಲೀಪರಿಗೆ ಇನ್ನೂ 30 ರೂಪಾಯಿ, ಎ.ಸಿ. ದರ್ಜೆಗಳಿಗೆ ಶೇ. 5ರ ಜಿಎಸ್‌ಟಿ. ಹೀಗೆ ಬಂದ ಮೊತ್ತ ಕಾಯ್ದಿರಿಸುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಕೂತಿರುತ್ತದೆ, ಮತ್ತು ಟಿಕೆಟ್ ಮಾರುವ ಪ್ರತಿಯೊಬ್ಬರೂ, ಹುಬ್ಬಳ್ಳಿ ನಿಲ್ದಾಣದ ಕೌಂಟರಿನ ಗುಮಾಸ್ತರಿಂದ ಹಿಡಿದು ಯಾವುದೋ ನವೋದ್ಯಮದ ಆ್ಯಪಿನವರೆಗೆ, ಕೊನೆಗೆ ಅದೇ ವ್ಯವಸ್ಥೆಯನ್ನು ಕೇಳಿಯೇ ಟಿಕೆಟ್ ಕೊಡಬೇಕು. ವಿಮಾನದ ಟಿಕೆಟಿನಂತೆ ಇಲ್ಲಿ ಮಾರುವವನು ದರವನ್ನು ಕುಗ್ಗಿಸಲಾರ, ಹಿಗ್ಗಿಸಲೂ ಆರ. ಅವನಿಗೆ ಬಿಟ್ಟಿರುವ ಜಾಗ ದರದ ಮೇಲಿನ ಶುಲ್ಕವೊಂದೇ.

ಆ ಜಾಗ ಸಣ್ಣದಲ್ಲ. ರೈಲ್ವೆಯ ಇ-ಟಿಕೆಟ್ ಮಾರುವ ಕಂಪನಿಯಾದ ಐಆರ್‌ಸಿಟಿಸಿಯ ತಾಣದಲ್ಲಿ ಟಿಕೆಟ್ ಕೊಂಡರೆ ಕನ್ವೀನಿಯನ್ಸ್ ಫೀ ಎಂಬುದೊಂದಿದೆ. ಯುಪಿಐ ಮೂಲಕ ಕೊಟ್ಟರೆ ಎ.ಸಿ. ಅಲ್ಲದ ದರ್ಜೆಗೆ 10, ಎ.ಸಿ.ಗೆ 20 ರೂಪಾಯಿ; ಕಾರ್ಡು ಮತ್ತಿತರ ಮಾರ್ಗಗಳಿಂದ ಕೊಟ್ಟರೆ 15 ಮತ್ತು 30. ಇದರ ಮೇಲೆ ಶೇ. 18ರ ಜಿಎಸ್‌ಟಿ ಬೇರೆ; ಅಂದರೆ ಕ್ರಮವಾಗಿ 11.80, 23.60, 17.70, 35.40. ನೋಟು ರದ್ದತಿಯ ನಂತರ ಜನರನ್ನು ಆನ್‌ಲೈನ್ ಪಾವತಿಯ ಕಡೆಗೆ ಸೆಳೆಯಲೆಂದು ಇಂಥ ಶುಲ್ಕವನ್ನು 2016ರ ನವೆಂಬರಿನಲ್ಲಿ ಕೈಬಿಡಲಾಗಿತ್ತು, 2019ರ ಸೆಪ್ಟೆಂಬರ್ 1ರಿಂದ ಅದು ಮರಳಿ ಬಂತು. ಹಾಗೆ ಬಂದದ್ದು ಎಷ್ಟು ಬೆಳೆಯಿತೆಂದರೆ, 2021–22ರಲ್ಲಿ ಈ ಬಾಬ್ತಿನಿಂದ ಬಂದ ಹಣ ಸುಮಾರು 694 ಕೋಟಿ ರೂಪಾಯಿ. ಡಿಸೆಂಬರಿನ ದರ ಏರಿಕೆಯಿಂದ ಆರ್ಥಿಕ ವರ್ಷದ ಉಳಿದ ಮೂರು ತಿಂಗಳಲ್ಲಿ ರೈಲ್ವೆ ನಿರೀಕ್ಷಿಸಿದ್ದು 600 ಕೋಟಿ. ಒಂದು ಇಡೀ ವರ್ಷದ್ದು, ಇನ್ನೊಂದು ಮೂರು ತಿಂಗಳದ್ದು ಎಂಬುದನ್ನು ಮರೆಯಬಾರದು. ಆದರೂ ಎರಡೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡುವಷ್ಟು ಹತ್ತಿರದ ಮೊತ್ತಗಳೆಂಬುದು ಸುಳ್ಳಲ್ಲ. ದರ ಏರಿಕೆ ಸಂಸತ್ತಿನಲ್ಲಿ, ಪತ್ರಿಕೆಯಲ್ಲಿ, ಬೀದಿಯಲ್ಲಿ ಚರ್ಚೆಯಾಗುತ್ತದೆ. ಶುಲ್ಕ ಮೊಬೈಲಿನ ಕೊನೆಯ ಪುಟದಲ್ಲಿ ಸದ್ದಿಲ್ಲದೆ ಸೇರುತ್ತದೆ.

ಈ ಶುಲ್ಕ ಯಾರ ಪಾಲಿಗೆ ಎಷ್ಟು ಮುಖ್ಯವೆಂಬುದು 2021ರ ಅಕ್ಟೋಬರಿನಲ್ಲಿ ಒಂದೇ ದಿನದಲ್ಲಿ ಬಯಲಾಯಿತು. ಶುಲ್ಕದಲ್ಲಿ ಅರ್ಧವನ್ನು ತನಗೆ ಕೊಡಬೇಕೆಂದು ರೈಲ್ವೆ ಸಚಿವಾಲಯ ಹೇಳಿದ ಕೂಡಲೇ ಐಆರ್‌ಸಿಟಿಸಿಯ ಷೇರು ಕುಸಿಯಿತು; ಆ ನಿರ್ಧಾರ ಮರುದಿನವೇ ವಾಪಸಾಯಿತು. ಪ್ರಯಾಣಿಕನ 11 ರೂಪಾಯಿ 80 ಪೈಸೆಯ ಮೇಲೆ ಷೇರುದಾರರ ಕಣ್ಣೂ ಇದೆ ಎಂದು ಅಂದು ಬಹಳ ಮಂದಿಗೆ ಗೊತ್ತಾಯಿತು.

ಖಾಸಗಿ ಆ್ಯಪುಗಳಲ್ಲಿ ಐಆರ್‌ಸಿಟಿಸಿಯ ಶುಲ್ಕದ ಮೇಲೆ ಮತ್ತೊಂದು ಪದರವಿದೆ. ಅಧಿಕೃತ ಏಜೆಂಟರು ಒಂದು ಟಿಕೆಟಿಗೆ ಎ.ಸಿ. ಅಲ್ಲದ ದರ್ಜೆಯಲ್ಲಿ 20, ಎ.ಸಿ.ಯಲ್ಲಿ 40 ರೂಪಾಯಿ ಸೇವಾ ಶುಲ್ಕ ಪಡೆಯಬಹುದು. ಅದರ ಜೊತೆಗೆ, ಆನ್‌ಲೈನಿನಲ್ಲಿ ಹಣ ದಾಟಿಸಿಕೊಡುವ ಪಾವತಿ ಗೇಟ್‌ವೇಯ ಶುಲ್ಕ. ಇವುಗಳಾಚೆಗೆ ಆಯ್ಕೆಯ ಹೆಸರಿನಲ್ಲಿ ಬರುವ ಬಾಬ್ತುಗಳು ಬೇರೆ. ನಾಲ್ಕು ಜನರ ಸ್ಲೀಪರ್ ಟಿಕೆಟಿನ ದರ ಒಟ್ಟು 1,200 ರೂಪಾಯಿ ಎಂದಿಟ್ಟುಕೊಳ್ಳೋಣ. ಕೌಂಟರಿನಲ್ಲಿ ಕೊಡುವುದು ಸರಿಯಾಗಿ 1,200. ಐಆರ್‌ಸಿಟಿಸಿಯಲ್ಲಿ ಯುಪಿಐ ಬಳಸಿದರೆ 1,211.80, ಕಾರ್ಡಾದರೆ 1,217.70. ಏಜೆಂಟರ ತಾಣದಲ್ಲಿ 17.70, 20 ಮತ್ತು ನೂರಕ್ಕೆ ಒಂದರಂತೆ ಗೇಟ್‌ವೇ ಶುಲ್ಕ ಸೇರಿದರೆ 1,250ರ ಅಂಚಿಗೆ ಬರುತ್ತದೆ. ಮೂರು ಮೊಬೈಲುಗಳ ಒಗಟು ಅಲ್ಲಿಗೆ ಒಡೆಯಿತು.

ಈಗ ದರ ಏರಿಕೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2025ರಲ್ಲಿ ಎರಡು ಬಾರಿ ದರ ಏರಿತು. ಜುಲೈ 1ರಂದು ಮೇಲ್ ಹಾಗೂ ಎಕ್ಸ್‌ಪ್ರೆಸ್ ರೈಲುಗಳ ಎ.ಸಿ. ಅಲ್ಲದ ದರ್ಜೆಗಳಿಗೆ ಕಿಲೋಮೀಟರಿಗೆ 1 ಪೈಸೆ, ಎ.ಸಿ.ಗೆ 2 ಪೈಸೆ, ಸಾಮಾನ್ಯ ರೈಲುಗಳ ಎರಡನೇ ದರ್ಜೆಗೆ 500 ಕಿ.ಮೀ. ದಾಟಿದ ಮೇಲೆ ಅರ್ಧ ಪೈಸೆ. ಡಿಸೆಂಬರ್ 26ರಂದು ಮೇಲ್ ಹಾಗೂ ಎಕ್ಸ್‌ಪ್ರೆಸ್‌ನ ಎ.ಸಿ. ಮತ್ತು ಎ.ಸಿ. ಅಲ್ಲದ ದರ್ಜೆಗಳೆರಡಕ್ಕೂ 2 ಪೈಸೆ, ಸಾಮಾನ್ಯ ರೈಲುಗಳಲ್ಲಿ 215 ಕಿ.ಮೀ. ನಂತರ 1 ಪೈಸೆ. ಉಪನಗರ ರೈಲು ಮತ್ತು ತಿಂಗಳ ಪಾಸುಗಳನ್ನು ಎರಡೂ ಸಲ ಮುಟ್ಟಲಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 470 ಕಿ.ಮೀ.; ಡಿಸೆಂಬರಿನ ಏರಿಕೆ ಒಬ್ಬರಿಗೆ ಸುಮಾರು 10 ರೂಪಾಯಿ. ಒಬ್ಬಂಟಿ ಪ್ರಯಾಣಿಕ ಅದೇ ಟಿಕೆಟನ್ನು ಕೌಂಟರಿನ ಬದಲು ಮೊಬೈಲಿನಲ್ಲಿ ಕೊಂಡರೆ ಕೊಡುವ ಹೆಚ್ಚುವರಿ ಹಣ ಅದಕ್ಕಿಂತ ಜಾಸ್ತಿ, ಏಜೆಂಟರ ಆ್ಯಪಿನಲ್ಲಾದರೆ ಅದರ ನಾಲ್ಕು ಪಟ್ಟಿನ ಹತ್ತಿರ. ದರ ಏರಿಕೆ ಪ್ರತಿ ಪ್ರಯಾಣಿಕನ ಮೇಲೆ, ಪ್ರತಿ ಕಿಲೋಮೀಟರಿಗೆ ಬೀಳುತ್ತದೆ. ಶುಲ್ಕ ಬೀಳುವುದು ಟಿಕೆಟಿನ ಮೇಲೆ. ಒಂದು ಟಿಕೆಟಿನಲ್ಲಿ ಆರು ಜನರವರೆಗೆ ಹೋಗಬಹುದಾದ್ದರಿಂದ ದೊಡ್ಡ ಕುಟುಂಬಕ್ಕೆ ಶುಲ್ಕ ಹಗುರ, ಏರಿಕೆ ಭಾರ. ಒಬ್ಬರೇ ಪರೀಕ್ಷೆಗೋ ಸಂದರ್ಶನಕ್ಕೋ ಹೊರಟ ಹುಡುಗಿಗೆ ಲೆಕ್ಕ ತಿರುವುಮುರುವು. ದೂರ ಕಡಿಮೆಯಾದಷ್ಟೂ ಈ ವ್ಯತ್ಯಾಸ ಹೆಚ್ಚು: ಬೆಂಗಳೂರಿನಿಂದ ಮೈಸೂರಿಗೆ ಏರಿಕೆಯೆಂಬುದು ಮೂರು ರೂಪಾಯಿಯ ಆಸುಪಾಸಿನ ಮಾತು, ಶುಲ್ಕ ಮಾತ್ರ ಇದ್ದಷ್ಟೇ.

ಇದುವರೆಗೆ ಹೇಳಿದ್ದು ಟಿಕೆಟ್ ಒಂದೇ ಆಗಿದ್ದಾಗಿನ ಲೆಕ್ಕ. ಎಷ್ಟೋ ಸಲ ಎರಡು ಪರದೆಗಳ ಮೇಲೆ ಕಾಣುವುದು ಒಂದೇ ಟಿಕೆಟ್ ಆಗಿರುವುದೇ ಇಲ್ಲ, ಮತ್ತು ಜನ ಅತಿ ಹೆಚ್ಚು ಎಡವುವುದು ಇಲ್ಲಿಯೇ. ರೈಲಿನ ಬರ್ತ್‌ಗಳನ್ನು ನಿಲ್ದಾಣಗಳ ನಡುವೆ ಕೋಟಾಗಳಾಗಿ ಹಂಚಲಾಗಿರುತ್ತದೆ. ಹುಬ್ಬಳ್ಳಿಯಿಂದ ವೇಟಿಂಗ್ ಲಿಸ್ಟ್ 40 ಇರುವ ರೈಲಿಗೆ, ಹಿಂದಿನ ಬೆಳಗಾವಿಯಿಂದ ತೆಗೆದರೆ ಬರ್ತ್ ಖಚಿತವಾಗಿ ಸಿಗುವ ಸಂದರ್ಭಗಳಿವೆ. ಹಬ್ಬದ ದಿನಗಳಲ್ಲಿ ಓಡಾಡುವ ಯಾರಿಗಾದರೂ ಈ ಉಪಾಯ ಗೊತ್ತು: ಬೆಳಗಾವಿಯಿಂದ ಟಿಕೆಟ್ ತೆಗೆದು, ಹತ್ತುವ ನಿಲ್ದಾಣವನ್ನು ಹುಬ್ಬಳ್ಳಿ ಎಂದು ನಮೂದಿಸುವುದು. ಮೊದಲು ಇದನ್ನು ಕೌಂಟರಿನ ಅನುಭವಿ ಗುಮಾಸ್ತರು ಪರಿಚಿತರ ಕಿವಿಯಲ್ಲಿ ಹೇಳುತ್ತಿದ್ದರು, ಈಗ ಆ್ಯಪುಗಳು ತಾವೇ ಹುಡುಕಿ ಎದುರಿಗೆ ಇಡುತ್ತವೆ. ತಪ್ಪೇನಿಲ್ಲ, ಉಪಕಾರವೇ. ಆದರೆ ದರ ಮಾತ್ರ ಬೆಳಗಾವಿಯಿಂದ ಬೆಂಗಳೂರಿನದು, ಹಾಗೆಯೇ ಕಿಲೋಮೀಟರಿನ ಮೇಲೆ ಏರುವ ಪೈಸೆಗಳೂ ಬೆಳಗಾವಿಯಿಂದಲೇ ಎಣಿಕೆಯಾಗುತ್ತವೆ. ಪರದೆಯ ಮೇಲೆ "ಖಚಿತ" ಎಂಬ ಹಸಿರು ಅಕ್ಷರ ದೊಡ್ಡದಾಗಿ, ನಿಲ್ದಾಣದ ಹೆಸರು ಸಣ್ಣದಾಗಿ ಇದ್ದಾಗ, ಅವಸರದಲ್ಲಿರುವವರಿಗೆ "ಈ ಆ್ಯಪಿನಲ್ಲಿ ದುಬಾರಿ" ಎಂದಷ್ಟೇ ತೋರುತ್ತದೆ.

ರಾಜಧಾನಿ, ಶತಾಬ್ದಿ, ದುರಂತೋ ರೈಲುಗಳಲ್ಲಿ ಇನ್ನೊಂದು ಕಾರಣ ಸೇರುತ್ತದೆ. 2016ರ ಸೆಪ್ಟೆಂಬರಿನಿಂದ ಅವುಗಳಲ್ಲಿ ಫ್ಲೆಕ್ಸಿ ದರ ಇದೆ; ನೂರಕ್ಕೆ ಹತ್ತರಷ್ಟು ಬರ್ತ್‌ಗಳು ಮಾರಾಟವಾದ ಹಾಗೆಲ್ಲ ಮೂಲ ದರ ಶೇ. 10ರಂತೆ ಮೆಟ್ಟಿಲು ಹತ್ತುತ್ತದೆ. ದರ ಏರುತ್ತದೆಂಬ ಸುದ್ದಿ ಕೇಳಿ ಎಲ್ಲರೂ ಒಮ್ಮೆಗೇ ಮುಗಿಬಿದ್ದರೆ, ಏರಿಕೆ ಜಾರಿಗೆ ಬರುವ ಮೊದಲೇ ಆ ಮೆಟ್ಟಿಲು ಮೇಲೇರಿರುತ್ತದೆ. ಹತ್ತು ನಿಮಿಷದ ಅಂತರದಲ್ಲಿ ಇಬ್ಬರು ನೋಡಿದ ದರ ಬೇರೆಯಾಗಿದ್ದರೆ ಅದಕ್ಕೆ ಮಾರುವ ತಾಣ ಹೊಣೆಯಲ್ಲ. ಜೊತೆಗೆ, ಹುಡುಕಾಟದ ಮೊದಲ ಪುಟದಲ್ಲಿ ಆ್ಯಪುಗಳು ತೋರುವ ದರ ಕೆಲವೊಮ್ಮೆ ಹಿಂದೊಮ್ಮೆ ಕೇಳಿ ಇಟ್ಟುಕೊಂಡದ್ದಾಗಿರಬಹುದು. ಏರಿಕೆಯ ಆಚೀಚಿನ ದಿನಗಳಲ್ಲಿ ಹಳೆಯ ದರ ಕಂಡು, ಮುಂದಿನ ಪುಟದಲ್ಲಿ ಹೊಸದು ಬಂದರೆ ಆಶ್ಚರ್ಯಪಡಬೇಕಿಲ್ಲ.

ದರ ಯಾವ ದಿನದ್ದು ಲೆಕ್ಕಕ್ಕೆ ಬರುತ್ತದೆ, ಟಿಕೆಟ್ ಕೊಂಡ ದಿನದ್ದೋ ಪ್ರಯಾಣ ಮಾಡುವ ದಿನದ್ದೋ? ಹಿರಿಯರು ಈ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. 2014ರ ಜೂನ್ 25ರಂದು ಪ್ರಯಾಣ ದರ ಶೇ. 14.2ರಷ್ಟು ಏರಿದಾಗ, ಅದಕ್ಕೆ ಮೊದಲೇ ಟಿಕೆಟ್ ಕೊಂಡವರಿಂದಲೂ ವ್ಯತ್ಯಾಸದ ಹಣವನ್ನು ರೈಲಿನಲ್ಲಿ ಟಿ.ಟಿ.ಇ.ಗಳು ವಸೂಲು ಮಾಡಿದರು. ರಾತ್ರಿ ಹೊತ್ತು ಚಿಲ್ಲರೆಗಾಗಿ ಬರ್ತಿನಿಂದ ಎಬ್ಬಿಸಿಕೊಂಡವರು ಅದನ್ನು ಮರೆತಿಲ್ಲ. 2020ರ ಜನವರಿ 1ರ ಏರಿಕೆಯಲ್ಲಿ ಹಾಗೆ ಮಾಡಲಿಲ್ಲ, 2025ರ ಎರಡೂ ಏರಿಕೆಗಳಲ್ಲಿಯೂ ಮಾಡಲಿಲ್ಲ: ಜಾರಿಯ ದಿನಕ್ಕೆ ಮೊದಲು ಕೊಂಡ ಟಿಕೆಟಿಗೆ ಹಳೆಯ ದರವೇ ಪೂರ್ಣ. ಅಂದಮೇಲೆ ಮುಂಚೆಯೇ ಕೊಂಡರೆ ಉಳಿತಾಯ ಎಂಬ ಮಾತು ನಿಜ. ಆದರೆ ಉಳಿಸಲು ಎಷ್ಟು ಅವಕಾಶವಿತ್ತು? ಮುಂಗಡ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಂದ 60ಕ್ಕೆ ಇಳಿಸಲಾಗಿದೆ. ಜುಲೈ ಏರಿಕೆಯ ಸುತ್ತೋಲೆ ಹೊರಟದ್ದು ಜೂನ್ 30ರಂದು, ಜಾರಿಯಾದದ್ದು ಮರುದಿನ. ಡಿಸೆಂಬರಿನಲ್ಲಿ ಸಿಕ್ಕದ್ದು ಐದು ದಿನ. ಸಿಕ್ಕ ಅವಕಾಶದಲ್ಲಿಯೂ ಉಳಿಯುವುದು ಹತ್ತು ರೂಪಾಯಿಯ ಲೆಕ್ಕ, ಆದರೆ ದಿನಾಂಕ ಬದಲಾಗಿ ಖಚಿತ ಸ್ಲೀಪರ್ ಟಿಕೆಟ್ ರದ್ದು ಮಾಡಬೇಕಾಗಿ ಬಂದರೆ, ಆಗಿನ ನಿಯಮದಂತೆ 48 ಗಂಟೆಗೂ ಮೊದಲು ರದ್ದು ಮಾಡಿದರೂ ಒಬ್ಬರಿಗೆ 120 ರೂಪಾಯಿ ಕಡಿತ. ಕನ್ವೀನಿಯನ್ಸ್ ಫೀ ಅಂತೂ ವಾಪಸು ಬರುವುದೇ ಇಲ್ಲ. ಮದುವೆಯ ದಿನ ಗಟ್ಟಿಯಾಗಿದ್ದ ನಮ್ಮಂಥವರಿಗೆ ಅವಸರ ಸರಿ. ಹೋಗಬಹುದೇನೋ ಎಂಬ ಊಹೆಯ ಮೇಲೆ ಹತ್ತು ರೂಪಾಯಿ ಉಳಿಸಲು ಹೊರಟವರು ಎಮ್ಮೆ ಕೊಳ್ಳುವ ಮೊದಲೇ ಹಗ್ಗಕ್ಕೆ ದುಡ್ಡು ಸುರಿದಂತೆ.

ಇಡೀ ವ್ಯವಸ್ಥೆಯ ನಿಜವಾದ ವಿಚಿತ್ರ ಕಾಣಬೇಕಾದರೆ ಕಾಯ್ದಿರಿಸದ ಟಿಕೆಟಿನ ಕಡೆ ನೋಡಬೇಕು. 2025ರ ಜುಲೈ 1ರಂದು, ದರ ಏರಿದ ದಿನವೇ, ರೈಲ್‌ಒನ್ ಎಂಬ ರೈಲ್ವೆಯ ಹೊಸ ಆ್ಯಪ್ ಬಿಡುಗಡೆಯಾಯಿತು. ಡಿಸೆಂಬರಿನ ಏರಿಕೆಯ ಬೆನ್ನಿಗೆ, 2026ರ ಜನವರಿ 14ರಿಂದ ಜುಲೈ 14ರವರೆಗೆ, ಅದರ ಮೂಲಕ ಕೊಳ್ಳುವ ಕಾಯ್ದಿರಿಸದ ಟಿಕೆಟುಗಳಿಗೆ ಡಿಜಿಟಲ್ ಪಾವತಿಯ ಮೇಲೆ ಶೇ. 3ರ ರಿಯಾಯಿತಿ ಘೋಷಣೆಯಾಯಿತು. ಅಂದರೆ ಆ ಆರು ತಿಂಗಳ ಮಟ್ಟಿಗೆ ಒಂದೇ ರೈಲಿನಲ್ಲಿ, ಸಾಮಾನ್ಯ ಬೋಗಿಗೆ ಮೊಬೈಲಿನಲ್ಲಿ ಟಿಕೆಟ್ ಕೊಂಡವನಿಗೆ ಕೌಂಟರಿಗಿಂತ ಅಗ್ಗ. ಪಕ್ಕದ ಸ್ಲೀಪರ್ ಬೋಗಿಗೆ ಮೊಬೈಲಿನಲ್ಲಿ ಕೊಂಡವನಿಗೆ ಕೌಂಟರಿಗಿಂತ ತುಟ್ಟಿ. ಎರಡೂ ಕಡೆ ಕೆಲಸ ಒಂದೇ: ಪ್ರಯಾಣಿಕ ತಾನೇ ಬೆರಳಾಡಿಸಿ ಟಿಕೆಟ್ ತೆಗೆಯುತ್ತಾನೆ, ರೈಲ್ವೆಗೆ ಕಾಗದವೂ ಉಳಿಯುತ್ತದೆ, ಗುಮಾಸ್ತರ ಸಮಯವೂ ಉಳಿಯುತ್ತದೆ. ಒಂದು ಕಡೆ ಆ ಉಳಿತಾಯದಲ್ಲಿ ಅವನಿಗೆ ಪಾಲು ಕೊಡುತ್ತಾರೆ, ಇನ್ನೊಂದು ಕಡೆ ಅದಕ್ಕಾಗಿ ಅವನಿಂದಲೇ ಕೇಳುತ್ತಾರೆ.

ಇದಕ್ಕೆ ಸಿಗುವ ವಿವರಣೆ ತಂತ್ರಜ್ಞಾನದ್ದಲ್ಲ, ಲೆಕ್ಕಪುಸ್ತಕದ್ದು. ಕಾಯ್ದಿರಿಸದ ಟಿಕೆಟಿನ ಹಣ ನೇರವಾಗಿ ರೈಲ್ವೆಯದು, ಸರತಿ ಕರಗಿದರೆ ಲಾಭವೂ ಅದರದೇ. ಕಾಯ್ದಿರಿಸಿದ ಇ-ಟಿಕೆಟನ್ನು ಮಾರುವುದು ಷೇರುಪೇಟೆಯಲ್ಲಿ ಪಟ್ಟಿಯಾಗಿರುವ ಒಂದು ಕಂಪನಿ, ಶುಲ್ಕ ಅದರ ವರಮಾನದ ಒಂದು ಕಂಬ. ಕಾಯ್ದಿರಿಸಿದ ಟಿಕೆಟುಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಈಗ ಆನ್‌ಲೈನಿನಲ್ಲೇ ಮಾರಾಟವಾಗುವಾಗ, ಇದನ್ನು ಅನುಕೂಲಕ್ಕಾಗಿ ಕೊಡುವ ಶುಲ್ಕವೆಂದು ಕರೆಯುವುದು ಎಷ್ಟು ಸರಿ? ಅಣ್ಣಿಗೇರಿಯಲ್ಲೋ ಅಳ್ನಾವರದಲ್ಲೋ ಇರುವವನಿಗೆ ಕೌಂಟರಿನ "ಅಗ್ಗದ" ಟಿಕೆಟಿಗಾಗಿ ಒಂದು ಹೊತ್ತಿನ ಕೆಲಸ ಬಿಟ್ಟು, ಚೀಟಿ ತುಂಬಿ, ಸರತಿಯಲ್ಲಿ ನಿಲ್ಲುವ ಖರ್ಚು 11.80ಕ್ಕಿಂತ ಎಷ್ಟೋ ಹೆಚ್ಚು. ಅವನ ಪಾಲಿಗೆ ಅದು ಆಯ್ಕೆಯಲ್ಲ, ದರದ ಇನ್ನೊಂದು ಹೆಸರು. ಹಾಗಾಗಿ ಅದನ್ನು ದರದ ಜೊತೆಗೇ ಲೆಕ್ಕ ಹಾಕಬೇಕೆಂಬುದು ನನ್ನ ಅಭಿಪ್ರಾಯ.

ಈ ಸಮಸ್ಯೆ ನಮ್ಮೊಂದಿಗೆ ಹುಟ್ಟಿದ್ದೇನಲ್ಲ. ಬ್ರಿಟನ್ನಿನಲ್ಲಿಯೂ ರೈಲು ಕಂಪನಿಗಳ ಸ್ವಂತ ತಾಣಗಳು ಬುಕಿಂಗ್ ಶುಲ್ಕ ಕೇಳುವುದಿಲ್ಲ, ಸ್ವತಂತ್ರ ಮಾರಾಟಗಾರರಲ್ಲಿ ಕೆಲವರು ಕೇಳುತ್ತಾರೆ. 2025ರ ಮಾರ್ಚಿನಲ್ಲಿ ಇಂಗ್ಲೆಂಡಿನಲ್ಲಿ ಶೇ. 4.6ರ ಏರಿಕೆಯಾಗುವ ಮುನ್ನ ಅಲ್ಲಿಯೂ ಜನ ಮುಂಗಡ ಟಿಕೆಟಿಗೆ ಅವಸರಪಟ್ಟಿದ್ದರು. ಅಲ್ಲಿ ಒಂದೇ ಪ್ರಯಾಣವನ್ನು ಎರಡು ಮೂರು ಟಿಕೆಟುಗಳಾಗಿ ಒಡೆದರೆ ಎಷ್ಟೋ ಸಲ ಅಗ್ಗವಾಗುತ್ತದೆ, ಅದನ್ನು ಹುಡುಕಿಕೊಡುವುದೇ ಕೆಲವು ತಾಣಗಳ ಕಸುಬು. ನಮ್ಮಲ್ಲಿ ಆ ಯುಕ್ತಿ ನಡೆಯದು. ನಮ್ಮ ದರ ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಕಡಿಮೆಯಾಗುತ್ತ ಹೋಗುವ ಬಗೆಯದು. ಒಡೆದರೆ ಆ ಲಾಭ ತಪ್ಪುತ್ತದೆ, ಕಾಯ್ದಿರಿಸುವ ಶುಲ್ಕವೂ ಎರಡೆರಡು ಸಲ ಬೀಳುತ್ತದೆ.

ಕೊಂಡ ಬಗೆಯ ಮೇಲೆ ಬೆಲೆ ಬೇರೆಯಾಗುವುದೇ ಅನ್ಯಾಯವೆಂದು ಹೇಳಲಾಗದು. ನಮ್ಮ ಮೆಟ್ರೊದಲ್ಲಿ ಸ್ಮಾರ್ಟ್ ಕಾರ್ಡಿಗೆ ಶೇ. 5ರ ರಿಯಾಯಿತಿ, ಜನಸಂದಣಿ ಇಲ್ಲದ ಹೊತ್ತಿನಲ್ಲಿ ಇನ್ನೂ ಶೇ. 5. ಇದು ಎಲ್ಲರಿಗೂ ಗೊತ್ತಿರುವ, ಮೊದಲೇ ಸಾರಿ ಹೇಳಿದ ವ್ಯತ್ಯಾಸ. 2025ರ ಫೆಬ್ರುವರಿಯಲ್ಲಿ ಅಲ್ಲಿ ದರ ಏರಿದಾಗ ಬೆಂಗಳೂರು ಸಿಟ್ಟಿಗೆದ್ದದ್ದು ನಿಜ, ಆದರೆ ಆ ಸಿಟ್ಟಿಗೆ ಗುರಿಯಾಗಿ ಒಂದು ದರ ನಿಗದಿ ಸಮಿತಿಯಿತ್ತು, ನಂತರ ಅದರ ವರದಿಯೂ ಹೊರಬಂತು. ರೈಲ್ವೆಯಲ್ಲಿ ಅಂಥದ್ದಿಲ್ಲ. ದರದ ಬಗ್ಗೆ ಸಲಹೆ ಕೊಡಬೇಕಿದ್ದ ರೈಲು ಅಭಿವೃದ್ಧಿ ಪ್ರಾಧಿಕಾರಕ್ಕೆ ಕೇಂದ್ರ ಸಚಿವ ಸಂಪುಟ 2017ರ ಏಪ್ರಿಲಿನಲ್ಲಿ ಒಪ್ಪಿಗೆ ಕೊಟ್ಟಿತ್ತು. ಆದರೂ ದರ ಇಂದಿಗೂ ಸುತ್ತೋಲೆಯಲ್ಲೇ ಬರುತ್ತದೆ. ಮಾರುವವರ ನಡವಳಿಕೆಗೆ ಸಂಬಂಧಿಸಿದಂತೆ ಮಾತ್ರ ಒಂದು ಆಸರೆಯಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ಡಾರ್ಕ್ ಪ್ಯಾಟರ್ನುಗಳ, ಅಂದರೆ ಗ್ರಾಹಕನನ್ನು ದಾರಿ ತಪ್ಪಿಸುವ ಪರದೆಯ ತಂತ್ರಗಳ ಪಟ್ಟಿಯಿದೆ. ಮೊದಲು ಕಡಿಮೆ ಬೆಲೆ ತೋರಿಸಿ ಪುಟಪುಟಕ್ಕೂ ಹನಿಹನಿಯಾಗಿ ಸೇರಿಸುತ್ತ ಹೋಗುವುದು, ಕೇಳದ ಸೇವೆಯನ್ನು ಬುಟ್ಟಿಗೆ ತುರುಕುವುದು, ಎರಡೂ ಅದರಲ್ಲಿವೆ. ನಮ್ಮ ಮೇಜಿನ ಮೇಲಿನ ಮೂರನೇ ಮೊಬೈಲು ಆ ಸಂಜೆ ಮಾಡುತ್ತಿದ್ದದ್ದು ಬಹುಮಟ್ಟಿಗೆ ಇದನ್ನೇ.

ಕೌಂಟರಿನಲ್ಲಿ ಕೊಡುವ ಟಿಕೆಟಿನ ಮೇಲೆ, ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ. 57ರಷ್ಟನ್ನು ಮಾತ್ರ ರೈಲ್ವೆ ವಸೂಲು ಮಾಡುತ್ತದೆ ಎಂಬ ಸಾಲು ಅಚ್ಚಾಗಿರುವುದನ್ನು ಓದಿದವರಿದ್ದಾರೆ. ಪ್ರಯಾಣಿಕನಿಗೆ ಅವನು ಕೊಡದ ಹಣವನ್ನು ನೆನಪಿಸುವುದರಲ್ಲಿ ಇಷ್ಟು ಮುತುವರ್ಜಿ ಇದೆ. ಕೊಟ್ಟ ಹಣದ ವಿವರವೂ ಸಿಗದೇ ಇಲ್ಲ: ಇ-ಟಿಕೆಟನ್ನು ತೆರೆದು ನೋಡಿದರೆ ಕೆಳಭಾಗದಲ್ಲಿ ಟಿಕೆಟ್ ದರ, ಕನ್ವೀನಿಯನ್ಸ್ ಫೀ, ವಿಮೆಯ 45 ಪೈಸೆ, ಏಜೆಂಟರ ಮೂಲಕವಾದರೆ ಅವರ ಶುಲ್ಕ, ಎಲ್ಲವೂ ಸಾಲುಸಾಲಾಗಿ ಅಚ್ಚಾಗಿರುತ್ತವೆ. ನಮ್ಮದನ್ನು ಅಕ್ಕ ಓದಿದ್ದು ಹಣ ಕಟ್ಟಿ ಎರಡು ದಿನವಾದ ಮೇಲೆ, ಮುದ್ರಿಸಿ ತಂದು ಕನ್ನಡಕ ಹಾಕಿಕೊಂಡಾಗ.